ಅಕ್ಕನ ನೀರಿಗೆ ತಮ್ಮನ ಗೀರು

ಅವನು ತೊದಲಿದರೆ ಬೀದಿಯೆಲ್ಲ ಹಲ್ಲು ಕಿಸಿಯುತ್ತಿತ್ತು. ಅದೇ ತೊದಲನ್ನು ಅವನ ಅಕ್ಕ ಮೈಕಿನ ಮುಂದೆ ಹಾಡಿದರೆ ಅದೇ ಜನ ಟಿಕೆಟ್ ತಗೊಂಡು ಚಪ್ಪಾಳೆ ಹೊಡೆದರು. ಪಂಚರ್ ಅಂಗಡಿ ಇಟ್ಟಿರುವ ಅವನ ಹೊಟ್ಟೆಯಲ್ಲಿ ಈ ಕಿಚ್ಚು ಇನ್ನೂ ಆರಿಲ್ಲ. ಯಾಕಾದರೂ ಆರಬೇಕು?

ಅಕ್ಕ ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು, ಸಂಜೆ ಹೋಟೆಲಿನ ಜಾಝ್ ಬ್ಯಾಂಡಿಗೆ ಹಾಡುತ್ತಿದ್ದಳು. ಒಂದು ಸಂಜೆ ಟ್ರಂಪೆಟ್ಟಿನವನು ಕೈಕೊಟ್ಟ. "ಅವನ ಜಾಗ ಬಾಯಲ್ಲೇ ತುಂಬಮ್ಮ" ಅಂದರು ಬ್ಯಾಂಡ್ ಮಾಸ್ತರು. ಅಕ್ಕ ತುಂಬಿದಳು: "ನೀ-ನೀ-ನೀ, ದಬ-ದಬ-ದೂ..." ಅರ್ಥ ಕೇಳಬೇಡಿ, ಮಾತಿಲ್ಲದ ಆ ಹಾಡಿಗೆ ಸ್ಕ್ಯಾಟ್ ಅಂತ ಹೆಸರು. ಅದರಿಂದಲೇ ಅವಳ ಏಳು ರೆಕಾರ್ಡು ಬಂದವು.

ಮೊದಲನೆಯದನ್ನು ತಮ್ಮ ಕೇಳಿದ್ದು ಕ್ಷೌರದಂಗಡಿಯಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗ. ಊಟಕ್ಕೆ ಕೂತು ನೀರು ಕೇಳುವಾಗಿನ ತನ್ನದೇ ತೊದಲು! ಉಳಿದರ್ಧ ಗಡ್ಡ ಹೊತ್ತುಕೊಂಡೇ ಮನೆಗೆ ಓಡಿದ.

"ನ-ನ-ನನ್ನ ಬಾಯಿ ಮಾರ್ಕೊಂಡು ಬಂದ್ಯೇನಕ್ಕ?"

"ಅಣಕ ಅಲ್ಲ ಕಣೋ. ನೀನು ಮಾತಿಗೆ ತಡಕಾಡೋವಾಗ ಒಂದು ಲಯ ಇರುತ್ತೆ."

"ಲ-ಲ-ಲಯಾನೂ ಬೇಡ, ಗಿಯಾನೂ ಬೇಡ!"

"ನೋಡು, ಗಿಯಾ ಅನ್ನೋವಾಗ ತೊದಲಲೇ ಇಲ್ಲ!" ಅಕ್ಕ ನಕ್ಕುಬಿಟ್ಟಳು.

ನಿಜವೇ. ಚಿಕ್ಕಂದಿನಿಂದಲೂ ಅವನ ನಾಲಿಗೆ ಅರ್ಥವಿರುವ ಮಾತಿಗೆ ಮಾತ್ರ ಮುಗ್ಗರಿಸುತ್ತಿತ್ತು. ಅಕ್ಕ 'ನೀರು' ಅಂದರೆ ಇವನು 'ಗೀರು', 'ಪುಸ್ತಕ' ಅಂದರೆ 'ಗಿಸ್ತಕ', ಹೂವೆತ್ತಿದಷ್ಟು ಸಲೀಸು. ಅದು ಅವರಿಬ್ಬರ ಆಟವಾಗಿತ್ತು. ಆದರೆ ಅವತ್ತಿನ ನಗು ಗಾಯಕ್ಕೆ ಉಪ್ಪು ಸವರಿತು. ಅಕ್ಕನ ಜೊತೆ ಮಾತು ಬಿಟ್ಟ.

ಏಳನೇ ರೆಕಾರ್ಡಿನ ಹೊತ್ತಿಗೆ ಅಕ್ಕನೇ ಅಂಗಡಿಗೆ ಬಂದಳು. ದನಿ ಆಗಲೇ ಸವೆದಿತ್ತು.

"ನಾನು ನೀರು ಅಂತೀನಿ, ನೀನು ಗೀರು ಅನ್ನು. ಅಷ್ಟೇ. ಗುರುವಾರ ರೆಕಾರ್ಡಿಂಗಿಗೆ ಬಾರೋ, ನನ್ನಪ್ಪ."

ಅವನು ತೊಟ್ಟಿಯಲ್ಲಿ ಟ್ಯೂಬು ಅದ್ದಿ, ಗುಳ್ಳೆ ಹುಡುಕುತ್ತ ತಲೆ ಎತ್ತಲಿಲ್ಲ. ಗುರುವಾರ ಹೋಗಲೂ ಇಲ್ಲ.

ಆ ಜಾಗಕ್ಕೆ ಅಕ್ಕ ಬೇರೆಯವರನ್ನು ನಿಲ್ಲಿಸಲಿಲ್ಲ. ರೆಕಾರ್ಡಿನಲ್ಲಿ 'ನೀರು' ಅಂದು ಸುಮ್ಮನಾಗುತ್ತಾಳೆ. ಡ್ರಮ್ಮೊಂದೇ ನಾಲ್ಕು ಏಟು ಕಾಯುತ್ತದೆ. ಮರುವರ್ಷ ಅವಳೇ ಇಲ್ಲವಾದಳು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಅಂಗಡಿಯಲ್ಲೇ ಆ ರೆಕಾರ್ಡು ಹಾಕುತ್ತಾನೆ. ಮುಳ್ಳನ್ನು ಎತ್ತೆತ್ತಿ ಅದೇ ಜಾಗಕ್ಕೆ ಇಟ್ಟು, ಅಲ್ಲೊಂದು ಗೀರೇ ಬಿದ್ದಿದೆ. ಅಕ್ಕ 'ನೀರು' ಅನ್ನುತ್ತಾಳೆ. ಅವನು ಬಾಯಿ ತೆರೆಯುತ್ತಾನೆ.

"ಗೀ-ಗೀ-ಗೀ..."

ಎಂದೂ ಮುಗ್ಗರಿಸದ ಮಾತಿಗೆ ಈಗ ನಾಲಿಗೆ ಮುಗ್ಗರಿಸುತ್ತದೆ. ಅಷ್ಟರಲ್ಲಿ ನಾಲ್ಕು ಏಟು ಮುಗಿದಿರುತ್ತವೆ. ಅಕ್ಕನಿಗೆ ಕೊಡಬೇಕಾದ 'ಗೀರು' ಬಾಕಿ.