ಬಲದಿಂದ ಬಂದ ಅಲೆ

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆ ಶಿವಮೊಗ್ಗದ ಗೋಪಾಳದಲ್ಲಿ. ದಿನವೂ ಬಸ್ಸಿನಲ್ಲಿ ಓಡಾಡುವಾಗ ಫೋನಿನಲ್ಲಿ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳನ್ನು ನೋಡುವ ಚಟ ಅಂಟಿಕೊಂಡಿತು. ಹಲಗೆಯಲ್ಲಿ ಗೆರೆ ಕೊರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಮಾಡಿ ಕಾಗದಕ್ಕೆ ಒತ್ತಿದ ಚಿತ್ರಗಳವು. ನಾನು ಅವನ್ನು ಕುಂಚದಲ್ಲಿ ನಕಲು ಮಾಡತೊಡಗಿದೆ. ನಾಲ್ಕು ಚಿತ್ರ ಮುಗಿಸುವಷ್ಟರಲ್ಲಿ ನನ್ನನ್ನು ನಾನೇ ಆ ವಿಷಯದ ಪಂಡಿತನೆಂದು ನೇಮಿಸಿಕೊಂಡಿದ್ದೆ. ಮನೆಗೆ ಬಂದವರು ಉಪನ್ಯಾಸ ಕೇಳದೆ ಕಾಫಿ ಮುಗಿಸುವಂತಿರಲಿಲ್ಲ. ಬರುಬರುತ್ತಾ ನಮ್ಮ ನೆಂಟರು ಗೇಟಿನಾಚೆಯೇ ನಿಂತು ಮಾತಾಡಿಸಿ ಹೋಗುವುದನ್ನು ಕಲಿತರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗೋಪಾಳದಲ್ಲೇ ಹಲ್ಲಿನ ಆಸ್ಪತ್ರೆ ತೆರೆಯುವವಳಿದ್ದಳು. ರೋಗಿಗಳು ಕಾಯುವ ಕೋಣೆಯ ಗೋಡೆಗೆ ಚಿತ್ರ ಬೇಕೆಂದಳು. ಗಣಪತಿಯೋ ಜೋಗವೋ ಅವಳ ಮನಸ್ಸಿನಲ್ಲಿ ಇದ್ದಿರಬೇಕು. ನಾನು ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಆ ದೊಡ್ಡ ನೀಲಿ ಅಲೆ, ಅದರ ಉಗುರಿನಂಥ ನೊರೆ, ಅಡಿಯಲ್ಲಿ ಸಿಕ್ಕಿಕೊಂಡ ಮೂರು ದೋಣಿ, ದೂರದಲ್ಲಿ ಪುಟ್ಟದಾಗಿ ಕಾಣುವ ಹಿಮದ ಬೆಟ್ಟ, ಅದನ್ನೇ ನಾಲ್ಕಡಿ ಅಗಲಕ್ಕೆ ಬರೆದುಕೊಡುತ್ತೇನೆಂದು ಹೇಳಿ ಬಂದೆ.

ಒಂದು ಪ್ರಿಂಟನ್ನು ದೊಡ್ಡದು ಮಾಡಿಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು ಮೆತ್ತನೆಯ ಪೆನ್ಸಿಲಿನಲ್ಲಿ ಗೆರೆ ಎತ್ತಿದೆ. ಹಾಳೆಯನ್ನು ಮಗುಚಿ ದಪ್ಪ ಕಾಗದದ ಮೇಲೆ ಹಾಕಿ ಚಮಚದಿಂದ ಉಜ್ಜಿದೆ. ಪೆನ್ಸಿಲಿನ ಗುರುತು ಚೆನ್ನಾಗಿ ಇಳಿಯಿತು. ಪ್ರಿಂಟಿನ ಬಣ್ಣ ಸರಿಯಿಲ್ಲವೆಂದು ಅದನ್ನು ಮಡಿಚಿ ಎಸೆದೆ. ಮುಂದೆ ಫೋನಿನಲ್ಲಿ ಹೆಬ್ಬೆರಳಷ್ಟು ಜಾಗವನ್ನು ಹಿಗ್ಗಿಸಿಕೊಂಡು, ಅಷ್ಟಷ್ಟಕ್ಕೇ ಬಣ್ಣ ತುಂಬುತ್ತಾ ಹೋದೆ. ಯಾವುದೂ ಹೊಂದುತ್ತಿರಲಿಲ್ಲ. ಈ ಫೋನುಗಳು ಎಡಬಲ ಬದಲಿಸಿ ತೋರಿಸುತ್ತವೆ ಎಂದು ಹೆಂಡತಿಗೆ ವಿವರಿಸಿದೆ. ಅವಳು ತಲೆಯಾಡಿಸಿದಳು. ಮದುವೆಯಾದಾಗಿನಿಂದ ನನ್ನ ವಿವರಣೆಗಳಿಗೆ ಅವಳು ಹಾಗೆಯೇ ತಲೆಯಾಡಿಸುತ್ತಾ ಬಂದಿದ್ದಾಳೆ.

ಬಣ್ಣ ಹೇಗೋ ಆಯಿತು. ಸೋತದ್ದು ಗೆರೆಯಲ್ಲಿ. ಉಳಿಯಿಂದ ಕೊರೆದ ಗೆರೆ ಒಂದೇ ಉಸಿರಿನಲ್ಲಿ ಹೋದಂತಿರಬೇಕು. ನನ್ನದು ಆಯನೂರಿನ ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ಬರೆದಂತಿತ್ತು. ಕೊನೆಗೆ ಕಾಗದವನ್ನು ಸುತ್ತಿಕೊಂಡು ಗಾಂಧಿ ಬಜಾರಿನ ಹಿಂದಿನ ಓಣಿಗೆ ಹೋದೆ. ಅಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಬದಿಯ ಹೂಬಳ್ಳಿ ಬರೆಯುವ ಸಾಬರೊಬ್ಬರಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು, ಕೈ ಕಡಿಮೆಯಾಗಿರಲಿಲ್ಲ. ನನ್ನ ಫೋನನ್ನೂ ಕಾಗದವನ್ನೂ ಬಹಳ ಹೊತ್ತು ನೋಡಿದರು.

"ಮೇಷ್ಟ್ರೆ, ಇದು ಹಿಂಗೇ ಬೇಕಾ ನಿಮಗೆ?" ಎಂದು ಕೇಳಿದರು.

ಅವರು ಕಾಗದದ ದಪ್ಪದ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು, ಹೀಗೇ ಇರಬೇಕು, ಇದೆಲ್ಲ ಬಹಳ ಯೋಚಿಸಿ ಮಾಡಿದ್ದು ಎಂದೆ. ಅವರು ಕುಂಚವನ್ನು ನಾಲಗೆಗೆ ತಾಗಿಸಿ ಚೂಪು ಮಾಡಿ, ಅಲೆಯ ಬೆನ್ನನ್ನು ಒಂದೇ ಎಳೆತದಲ್ಲಿ ಬರೆದರು. ನನ್ನ ಎರಡು ವಾರದ ನೀಲಿ ಆಗ ನೀರಾಯಿತು.

ಆಸ್ಪತ್ರೆ ಉದ್ಘಾಟನೆಯ ದಿನ ಅವರನ್ನೂ ಕರೆದೊಯ್ದೆ, ಆದರೆ ಗೆರೆ ಅವರದೆಂದು ಯಾರಿಗೂ ಹೇಳಲಿಲ್ಲ. ಜನ ಚಿತ್ರದ ಮುಂದೆ ಸೇರಿದ್ದರು. ಮೂಲೆಯ ಜಪಾನಿ ಅಕ್ಷರಗಳನ್ನು ತೋರಿಸಿ ನಾನು ಉಪನ್ಯಾಸದ ಅರ್ಧಕ್ಕೆ ಬಂದಿದ್ದೆ. ಕಾಲೇಜು ಹುಡುಗಿಯೊಬ್ಬಳು ತನ್ನ ಫೋನಿನ ಕವರನ್ನು ಎತ್ತಿ ಹಿಡಿದಳು. ಅದರ ಮೇಲೂ ಅದೇ ಅಲೆ.

"ಸರ್, ನನ್ನದ್ರಲ್ಲಿ ಅಲೆ ಎಡಗಡೆಯಿಂದ ಬರ್ತಿದೆ. ನಿಮ್ಮದು ಬಲಗಡೆಯಿಂದ. ಅಕ್ಷರಾನೂ ಆಂಬುಲೆನ್ಸ್ ಮುಂದೆ ಬರೆದಿರ್ತಾರಲ್ಲ, ಹಂಗಿದೆ."

ಹಾಳೆ ಮಗುಚಿ ಉಜ್ಜಿದರೆ ಚಿತ್ರ ಉಲ್ಟಾ ಇಳಿಯುತ್ತದೆ. ಇದನ್ನು ನಾನು ಇಪ್ಪತ್ತು ವರ್ಷದಿಂದ ಎಂಟನೇ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆ ಕ್ಷಣ ಕೋಣೆಯಲ್ಲಿ ನಾನೊಬ್ಬನೇ ಬೆಂಚಿನ ಮೇಲೆ ನಿಂತಿದ್ದಂತಿತ್ತು. ಆದರೂ ನಾಲಗೆ ಸುಮ್ಮನಿರಲಿಲ್ಲ. ಮೂಲ ಕಲಾವಿದನ ಮೇಲಿನ ಗೌರವದಿಂದ ನಕಲುಗಾರರು ಬೇಕೆಂದೇ ತಿರುಗಿಸಿ ಬರೆಯುತ್ತಾರೆ, ಅದೊಂದು ಸಂಪ್ರದಾಯ ಎಂದುಬಿಟ್ಟೆ. ಜನ ಮೆಚ್ಚಿ ಗುಣುಗಿದರು. ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ಬೋರ್ಡಿನ ಸಾಬರು. ಅವರ ಕಣ್ಣಲ್ಲಿ ನನ್ನ ಮೇಲೆ ಮೂಡಿದ ಭಕ್ತಿ ನೋಡಿ ನಾನು ಕೈಯಲ್ಲಿದ್ದ ಪಾಯಸದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ.

ಒಂದು ವಾರ ತಡೆದೆ. ಅಷ್ಟರಲ್ಲಿ ಅವರು ಆ ಸಂಪ್ರದಾಯವನ್ನು ಬಜಾರಿನ ಅರ್ಧ ಜನಕ್ಕೆ ಹೇಳಿದ್ದರು. ಬಟ್ಟೆ ಅಂಗಡಿಯವರೊಬ್ಬರು ನನ್ನನ್ನು ನಿಲ್ಲಿಸಿ ಅದರ ಬಗ್ಗೆ ವಿಚಾರಿಸಿದಾಗ ಇನ್ನು ಆಗದೆನಿಸಿ ಓಣಿಗೆ ಹೋದೆ. ಸಂಪ್ರದಾಯವೂ ಇಲ್ಲ, ಗೌರವವೂ ಇಲ್ಲ, ಹಾಳೆಯನ್ನು ಉಲ್ಟಾ ಹಾಕಿದ್ದೆ ಎಂದೆ. ಗೆರೆಗಳ ಹೊಗಳಿಕೆಯನ್ನೂ ನಾನೇ ಇಟ್ಟುಕೊಂಡಿದ್ದೆ ಎಂದೂ ಸೇರಿಸಿದೆ.

ಅವರು ಕುಂಚ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಉಲ್ಟಾ ಇದೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು ಮೇಷ್ಟ್ರೆ. ಓದಿದೋರು, ಏನೋ ಕಾರಣ ಇರ್ತದೆ ಅಂದ್ಕೊಂಡೆ," ಎಂದರು. ಕುಂಚ ಒರೆಸಿಡುತ್ತಾ, "ಗೆರೆ ವಿಷಯ ಮಾತ್ರ ಬೇಜಾರಾಗಿತ್ತು," ಎಂದರು.

ಅಲ್ಲಿಂದ ನೇರ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿ, ಬೇರೆ ಬರೆದುಕೊಡುತ್ತೇನೆಂದೆ. ಅವಳು ಒಪ್ಪಲಿಲ್ಲ. "ನಾನು ದಿನಪೂರ್ತಿ ಬಾಯೊಳಗೆ ಕನ್ನಡಿ ಹಿಡಿದು ಉಲ್ಟಾನೇ ನೋಡ್ತೀನಿ ಸರ್. ನಂಗೆ ಅದು ಸರಿಯಾಗೇ ಕಾಣ್ತದೆ, ಇರಲಿ ಬಿಡಿ," ಎಂದಳು. ಚಿತ್ರದ ಕೆಳಗೆ ಸಾಬರ ಹೆಸರನ್ನು ಬರೆಸಲು ಮಾತ್ರ ಒಪ್ಪಿದಳು. ಅವರೇ ಬಂದು ತಮ್ಮ ಹೆಸರನ್ನು ಬರೆದರು, ಲಾರಿಗೆ ಬರೆಯುವಷ್ಟು ದಪ್ಪಕ್ಷರದಲ್ಲಿ. ನನ್ನದನ್ನೂ ಕೇಳಿದರು. ಸಣ್ಣದಾಗಿ ಬರೆಯಿರಿ ಎಂದೆ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಕನ್ನಡಕ ಹಾಕಿಕೊಂಡು ಹತ್ತಿರ ಹೋದರಷ್ಟೇ ಅದು ಕಾಣುತ್ತದೆ.