ನರಸೀಪುರಕ್ಕೂ ಬಂದ ಮಡಿ

ಜಯಮ್ಮನವರು ಸೌಟಿಗೇ ಬಾಯಿಟ್ಟು ಸಾರಿನ ರುಚಿ ನೋಡಿದರು. ಅದೇ ಸೌಟನ್ನು ನನ್ನತ್ತ ಚಾಚಿ, "ಉಪ್ಪು ಸಾಕಾ ನೋಡವ್ವ" ಎಂದರು. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಮಹಡಿಗೆ ಓಡಿದೆ. ಹೈಸ್ಕೂಲು ಟೀಚರಾಗಿ ಟಿ. ನರಸೀಪುರಕ್ಕೆ ಬಂದು ಅವರ ಮನೆಯಲ್ಲಿ ಬಾಡಿಗೆಗಿಳಿದ ಮೊದಲ ದಿನವದು.

ನಮ್ಮೂರು ನಂಜನಗೂಡಿನಿಂದ ಇಲ್ಲಿಗೆ ಬಸ್ಸಿನಲ್ಲಿ ಗಂಟೆ ಹೊತ್ತಿನ ದಾರಿ. ಆದರೂ ಬೇರೆಯೇ ದೇಶ. ಅಪ್ಪ ಮಠದ ಪಾಠಶಾಲೆಯಲ್ಲಿ ಪಾಠ ಹೇಳುವವರು. ನಮ್ಮಲ್ಲಿ ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ, ಮಡಿಯಲ್ಲಿರುವವರನ್ನು ಮುಟ್ಟುವಂತಿಲ್ಲ, ಯಾಕೆಂದು ಕೇಳುವಂತಿಲ್ಲ. ಕೇಳಿದರೆ ಊಟವಿಲ್ಲದೆ ಕೂರಬೇಕು. ಹಾಗಾಗಿ ಕೇಳುವುದನ್ನೇ ಬಿಟ್ಟೆ. ಇವತ್ತಿಗೂ ಹೆಡ್‌ಮಾಸ್ಟರು ಏನೆಂದರೂ ತಲೆಯಾಡಿಸಿ, ರೂಮಿಗೆ ಬಂದು ಹಲ್ಲು ಕಡಿಯುತ್ತೇನೆ. ನನ್ನ ಮೇಲೆ ನನಗೇ ರೇಗುತ್ತದೆ.

ಇಲ್ಲಿ ಬದಲಾದೆನೆಂದೇ ನಂಬಿದ್ದೆ. ಆರು ತಿಂಗಳಲ್ಲಿ ಜಯಮ್ಮನವರ ಪಕ್ಕ ಕೂತು, ಸೊಪ್ಪು ಕಾಳು ಬೇಯಿಸಿದ ನೀರಿನ ಉಪ್ಸಾರಿನಲ್ಲಿ ಮುದ್ದೆ ಅದ್ದಿ ನುಂಗಲು ಕಲಿತೆ. ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಅವರೇ. ದೇವರೂ ಮಡಿಯೂ ನನ್ನಿಂದ ಕಳಚಿಕೊಂಡವೆಂದು ಹಿಗ್ಗಿದೆ.

ಒಂದು ಸಂಜೆ ದಿಢೀರನೆ ಮಳೆ ಬಂತು. ಒಣಹಾಕಿದ್ದ ನನ್ನ ಸೀರೆಯನ್ನು ಜಯಮ್ಮನವರು ತೆಗೆದು, ಮಡಚಿ ತಂದುಕೊಟ್ಟರು. ಥ್ಯಾಂಕ್ಸ್ ಅಂದೆ. ನನ್ನ ಕೈ ಮಾತ್ರ ಸೀರೆಯನ್ನು ತೆಗೆದುಕೊಂಡು ಹೋಗಿ ನೇರ ಬಕೆಟ್ಟಿನ ನೀರಿಗೆ ಅದ್ದಿತು. ಮನೆಯಲ್ಲಿ ಮಡಿಬಟ್ಟೆಯನ್ನು ಬೇರೆಯವರು ಮುಟ್ಟಿದರೆ ಅಮ್ಮ ಮಾಡುತ್ತಿದ್ದುದು ಅದನ್ನೇ. ತಿರುಗಿದರೆ ಅವರಿನ್ನೂ ಬಾಗಿಲಲ್ಲಿದ್ದರು.

"ಯಾಕವ್ವ, ನಾನು ಮುಟ್ಟುದ್ರೆ ಮೈಲಿಗೆ ಆಯ್ತದಾ?"

"ಇಲ್ಲ, ಮಣ್ಣಾಗಿತ್ತು..." ಎಂದೆ. ಅವರು ಮೆಟ್ಟಿಲಿಳಿದರು.

ಆ ಭಾನುವಾರ ನಂಜನಗೂಡಿಗೆ ಹೋಗಿ ಅಮ್ಮನ ಮೇಲೆ ಕೂಗಾಡಬೇಕೆಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಮೊದಲು ಸ್ನಾನ ಮಾಡ್ಕೊಂಡು ಬಾ ಕಣೆ, ಅಲ್ಲಿ ಏನೇನು ಮುಟ್ಟಿದೀಯೋ" ಎಂದರು. ತೆಪ್ಪಗೆ ಹೋಗಿ ತಲೆಗೆ ನೀರು ಸುರಿದುಕೊಂಡೆ.

ಮರಳಿದ ಮೇಲೆ ಜಯಮ್ಮನವರು ಸಾರಿನ ಪಾತ್ರೆ ಹಿಡಿದು ಬಂದು ಹೊಸ್ತಿಲಾಚೆಯೇ ನಿಂತರು. ತಪ್ಪಾಯಿತು, ಒಳಗೆ ಬನ್ನಿ ಎಂದು ಕೈಮುಗಿದೆ.

"ಬ್ಯಾಡ ಬುಡವ್ವ. ಆಮೇಲೆ ನೀನು ನೆಲ ತೊಳೀಬೇಕಾಯ್ತದೆ."

ಇಲ್ಲ, ತೊಳೆಯುವುದಿಲ್ಲ ಎನ್ನಬೇಕಿತ್ತು. ನನ್ನ ಕೈಗಳ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ.