ಗಾಜಿನ ನಡುವೆ ಲೀನಾ ಅವರ ಹಾಡು

ಬೆಳಗಿನ ಐದೂವರೆ. ಅಮೆರಿಕದ ಅರೋರಾ ಊರಿನ ಮನೆಯ ಬೇಸ್‌ಮೆಂಟಿನಲ್ಲಿ ಪಂಚಾಕ್ಷರಿ ಗ್ರೈಂಡರಿನ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಡುತ್ತಾರೆ. ಕಲ್ಲಿನಡಿ ಎರಡು ದಪ್ಪ ಗಾಜು, ಅವುಗಳ ನಡುವೆ ಒಂದು ಕಪ್ಪು ರೆಕಾರ್ಡ್. ಮೇಲಿನ ಗಾಜು ತೆಗೆಯಲು ಮಾತ್ರ ಕೈ ಮುಂದಾಗುವುದಿಲ್ಲ.

"ತಗೀರಿ, ನೋಡಿದ್ರ ತಾನ ಗೊತ್ತಾಗೋದು," ಮೆಟ್ಟಿಲ ಮೇಲಿಂದ ಹೆಂಡತಿ ಶ್ರೀಲತಾ ಅನ್ನುತ್ತಾರೆ. "ನಾಕು ದಿನ ಆತು, ದೋಸೆಗೆ ರುಬ್ಬಿಲ್ಲ ನಾ."

ಗದಗ ಕಡೆಯ ಪಂಚಾಕ್ಷರಿಗೆ ಅರವತ್ತೊಂದು. ಹಳೆಯ ರೆಕಾರ್ಡ್ ಮಾರುವ ಅಂಗಡಿಯೊಂದಕ್ಕೆ ಹದಿನೆಂಟು ವರ್ಷದಿಂದ ರೆಕಾರ್ಡ್ ತೊಳೆಯುತ್ತಾರೆ, ದಿನಕ್ಕೆ ನಲವತ್ತು. ಮೆತ್ತನೆ ಬ್ರಷ್ಷು, ಬಟ್ಟಿ ಇಳಿಸಿದ ನೀರು. ನಡುವಿನ ಲೇಬಲ್ ಕಾಗದಕ್ಕೆ ಒಂದು ಹನಿಯೂ ತಾಗಬಾರದು. ಅರವತ್ತರ ದಶಕದಲ್ಲಿ ಕಾಲೇಜು ಹುಡುಗರು ಬ್ಯಾಂಜೊ ಹಿಡಿದು ಹಾಡಿದ ಅಮೆರಿಕದ ಜನಪದ ಹಾಡುಗಳೆಂದರೆ ಅವರಿಗೆ ಜೀವ. ಅಂಥವನ್ನು ಹುಡುಕಿ ಕೂಡಿಡುತ್ತಾರೆ. ಹಾಡಿದವರು ಬದುಕಿದ್ದರೆ ಮೊದಲು ಅವರಿಗೇ ಕೇಳಿಸುತ್ತಾರೆ.

"ನಮ್ಮವ್ವ ಬೀಸುಕಲ್ಲಿನ ಮುಂದ ಹಾಡ್ತಿದ್ಲು. ಯಾರೂ ಹಿಡಿದಿಡಲಿಲ್ಲ ನೋಡ್ರಿ," ಎನ್ನುತ್ತಾರೆ.

ಗಾಜಿನ ನಡುವಿನದು ೧೯೬೪ರದು, ಒತ್ತಿಸಿದ್ದೇ ಇನ್ನೂರು ಪ್ರತಿ. ಹಾಡಿದ ಲೀನಾ ಅವರಿಗೀಗ ಎಂಬತ್ತೊಂದು, ಕಾರಿನಲ್ಲಿ ನಾಲ್ಕು ಗಂಟೆ ದೂರದ ಆನ್ ಆರ್ಬರಿನಲ್ಲಿದ್ದಾರೆ. ಅವರ ಬಳಿ ಒಂದು ಪ್ರತಿಯೂ ಉಳಿದಿಲ್ಲ. ಸೋಮವಾರ ಕಿವಿಯ ಆಪರೇಷನ್. ಆಮೇಲೆ ಕೇಳಿಸುತ್ತದೆಂಬ ಭರವಸೆ ಡಾಕ್ಟರರಿಗೂ ಇಲ್ಲ. ಇವತ್ತು ಶನಿವಾರ.

ಅಪರೂಪದ ರೆಕಾರ್ಡ್ ಸಿಕ್ಕರೆ ಹತ್ತಿರದ ಲೆಮಾಂಟ್ ಊರಿನ ದೇವಸ್ಥಾನದಲ್ಲಿ ಕಾಯಿ ಒಡೆಸುವುದು ಪಂಚಾಕ್ಷರಿಯ ರೂಢಿ. ಮಂಗಳವಾರ ಆನ್ ಆರ್ಬರಿಗೆ ಹೊರಟವರು ದಾರಿಯಲ್ಲಿ ದೇವಸ್ಥಾನಕ್ಕೆ ಇಳಿದರು. ಸಾಲು ಉದ್ದವಿತ್ತು; ಪ್ರಸಾದದ ಊಟವೂ ಆಯಿತು. ಹೊರಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಕಾರಿನ ಹಿಂದಿನ ಸೀಟಿನಲ್ಲಿ ರೆಕಾರ್ಡ್. ಬಂದು ನೋಡಿದರೆ ಹಪ್ಪಳದಂತೆ ಸೊಟ್ಟಗಾಗಿತ್ತು. ಅಲ್ಲಿಂದಲೇ ಮನೆಗೆ ತಿರುಗಿ, ಮಟ್ಟಸವಾಗಲೆಂದು ಗಾಜಿನ ನಡುವೆ ಕಲ್ಲಿನಡಿ ಇಟ್ಟರು.

"ದೇವರಿಗೆ ಕಾಯಿ ಒಡಸಾಕ ಹೋಗಿ ಹಾಡು ಬೇಯಿಸ್ಕೊಂಡು ಬಂದ್ರು," ಶ್ರೀಲತಾ ಛೇಡಿಸುತ್ತಾರೆ. ಪಂಚಾಕ್ಷರಿ ನಗುವುದಿಲ್ಲ.

ಕೊನೆಗೂ ಗಾಜು ಸರಿಸುತ್ತಾರೆ. ನಡುಭಾಗ ಮಟ್ಟಸ. ಅಂಚಿನಲ್ಲಿ ಸಣ್ಣ ಅಲೆ ಉಳಿದಿದೆ. ರೆಕಾರ್ಡ್ ಪ್ಲೇಯರಿನ ಮೇಲೆ ತಿರುಗಲು ಬಿಟ್ಟು ಮುಳ್ಳು ಇಳಿಸುತ್ತಾರೆ. ಅದು ಏಳುತ್ತದೆ, ಬೀಳುತ್ತದೆ. ಗೆರೆ ಬಿಟ್ಟು ಜಿಗಿಯುವುದಿಲ್ಲ. ಒಂದು ಗಿಟಾರ್ ಶುರುವಾಗುತ್ತದೆ. ದನಿ ಬರುವ ಮೊದಲೇ ಮುಳ್ಳು ಎತ್ತಿಬಿಡುತ್ತಾರೆ.

"ಪೂರ್ತಿ ಕೇಳ್ರಿ, ಒಳಗ ಎಲ್ಲಿ ಕೆಟ್ಟೈತೋ ಏನೋ!"

"ಬ್ಯಾಡ. ಮೊದಲು ಆಕಿ ಕೇಳ್ಲಿ."

ಏಳಕ್ಕೆ ಕಾರು ಹೊರಡುತ್ತದೆ. ಏಸಿ ಜೋರಾಗಿದೆ, ರೆಕಾರ್ಡ್ ಶ್ರೀಲತಾ ತೊಡೆಯ ಮೇಲಿದೆ. ಹೆದ್ದಾರಿಯಿಂದ ಲೆಮಾಂಟಿಗೆ ತಿರುಗುವ ಎಕ್ಸಿಟ್ ಹತ್ತಿರವಾದಾಗ ಅವರು ಗಂಡನ ಮುಖ ನೋಡುತ್ತಾರೆ. ಪಂಚಾಕ್ಷರಿ ವೇಗ ತಗ್ಗಿಸುವುದಿಲ್ಲ.

"ಬರೂವಾಗ ಇಳಿಯೂಣು," ಎನ್ನುತ್ತಾರೆ. "ದೇವರಿಗೆ ಕಿವಿ ಚಲೋ ಅದಾವ. ಕಾಯ್ತಾನ."